ಹಳ್ಳದ ಸೇತುವೆಗೆ ನಾನು ಹಾಕಿಸಿದ ಗೋಡೆ

ಸಮುದ್ರ ತೀರಕ್ಕೆ ಬಿರುಗಾಳಿ ಹೊಡೆದ ವರ್ಷ, ಅಲ್ಲಿ ಯಾವ ಸೇತುವೆ ನಿಂತಿದೆ, ಯಾವುದು ಹೋಗಿದೆ, ಯಾಕೆ ಎಂದು ನೋಡಿ ಬರೆಯಲು ಹೊಸಪೇಟೆಯಿಂದ ನನ್ನನ್ನೂ ಕಳಿಸಿದ್ದರು. ನಾನಾಗ ರಸ್ತೆ ಕೆಲಸದ ಓವರ್ಸಿಯರ್. ಒಂದು ತಿಂಗಳು ಉಪ್ಪುಗಾಳಿ ಕುಡಿದು, ಎರಡು ಕೊಡೆ ಕಳಕೊಂಡು ಬಂದೆ. ಅಷ್ಟಕ್ಕೇ ನಮ್ಮ ಕಚೇರಿಯಲ್ಲಿ ಬಿರುಗಾಳಿಯ ಪಂಡಿತನಾದೆ. ನಿಜ ಹೇಳಬೇಕೆಂದರೆ ನಾನಲ್ಲಿ ಕಲಿತದ್ದು ಹೆದರುವುದನ್ನು ಮಾತ್ರ. ಅದೂ ಮೊದಲೇ ಚೆನ್ನಾಗಿ ಬರುತ್ತಿತ್ತು.

ಮರುವರ್ಷ ಕಂಪ್ಲಿ ದಾರಿಯ ಹಳ್ಳಕ್ಕೆ ಒಂದು ತಗ್ಗಾದ ಕಲ್ಲುಸೇತುವೆ ಎದ್ದಿತು. ಕಟ್ಟಿದವರು ಚಿತ್ತವಾಡ್ಗಿಯ ಮೇಸ್ತ್ರಿ, ನನಗಿಂತ ಹಿರಿಯರು. ಕೆಲಸ ಮುಗಿಯುವ ಹೊತ್ತಿಗೆ ನನಗೆ ನಿದ್ದೆ ಹಾರಿತು. ಗಾಳಿಗೆ ಗಾಡಿ ಉರುಳಿದರೆ? ಎತ್ತು ಬೆದರಿದರೆ? ನಕ್ಷೆಯಲ್ಲಿ ಅಂಚಿಗೆ ಇದ್ದದ್ದು ಬಿಡಿಬಿಡಿಯಾದ ಗಿಡ್ಡ ಕಂಬಗಳು. ಅವು ಸಾಲವು, ಎರಡೂ ಕಡೆ ಎದೆಮಟ್ಟದ ಗೋಡೆ ಕಟ್ಟಿ ಎಂದೆ.

ಮೇಸ್ತ್ರಿ ತಲೆ ಕೆರೆದುಕೊಂಡರು. "ಹಳ್ಳ ತುಂಬಿದ್ರ ನೀರು ಮ್ಯಾಲೆ ಹಾಯ್ತೈತ್ರಿ. ಹಾಯಾಕ ಬಿಡ್ರಿ. ಗ್ವಾಡಿ ಕಟ್ಟಿದ್ರ ಅದು ಸೇತುವೆ ಅಲ್ಲ, ಒಡ್ಡು ಆಕ್ಕೈತಿ."

ಸಮುದ್ರದ ಬಿರುಗಾಳಿ ಕಂಡವನಿಗೆ ಹಳ್ಳದ ಪಾಠ ಹೇಳುತ್ತೀರಾ ಎಂಬರ್ಥದ ಏನೋ ಅಂದೆ. ಅವರು ಗೋಡೆ ಕಟ್ಟಿದರು.

ಆ ವರ್ಷವೂ ತೀರಕ್ಕೆ ಬಿರುಗಾಳಿ ಬಂತು. ಅದರ ಮಳೆ ನಮ್ಮಲ್ಲಿಯವರೆಗೂ ಬಂದು ಮೂರು ದಿನ ಬಿಡಲಿಲ್ಲ. ಹಳ್ಳ ಜಾಲಿಗಿಡ, ಕಬ್ಬಿನ ಸೋಗೆ ಎಲ್ಲವನ್ನೂ ಹೊತ್ತು ತಂದು ಗೋಡೆಗೆ ಒಟ್ಟಿತು. ಹಿಂದೆ ಕಟ್ಟಿ ನಿಂತ ನೀರು ಇಡೀ ಸೇತುವೆಯನ್ನು ನೂಕಿ ಮಲಗಿಸಿತು. ಪುಣ್ಯಕ್ಕೆ ಮೇಲೆ ಯಾರೂ ಇರಲಿಲ್ಲ.

ಇಂಜಿನಿಯರ್ ದೊರೆ ಬಂದು, ಕಾರಣ ಬರೆದುಕೊಡು ಎಂದರು. ಕಟ್ಟಿದ್ದು ಸರಿಯಿಲ್ಲ ಎಂದರೆ ಮೇಸ್ತ್ರಿಗೆ ಸರ್ಕಾರದ ಕೆಲಸ ಮತ್ತೆ ಸಿಗುವುದಿಲ್ಲ. ಗೋಡೆಯೇ ಕಾರಣ ಎಂದರೆ ನನ್ನ ನೌಕರಿ ಹೋಗುತ್ತದೆ. ನೀರಿಗೆ ದಾರಿ ಸಿಗದಿದ್ದರೆ ಸೇತುವೆ ಉಳಿಯದು ಎಂದು ತೀರದಲ್ಲಿ ನಾನೇ ಪುಟಗಟ್ಟಲೆ ಬರೆದು ಬಂದಿದ್ದೆ. ಆದರೂ ಒಡೆದ ಅಂಚಿನಲ್ಲಿ ಮೂರು ದಿನ ನೆನೆದಿದ್ದ ಗಾರೆಯ ಚೂರೊಂದನ್ನು ಕೆರೆದು ಬೆರಳಲ್ಲಿ ತಿಕ್ಕಿದೆ. ಪುಡಿಯಾಯಿತು. ಅಷ್ಟು ನೆನೆದಿದ್ದರೆ ನಾನೂ ಪುಡಿಯಾಗುತ್ತಿದ್ದೆ. 'ಗಾರೆ ಸಡಿಲ' ಎಂದು ಬರೆದೆ.

ಮೇಸ್ತ್ರಿ ಎದುರಿಗೇ ಇದ್ದರು. ಏನು ಬರೆದಿರಿ ಎಂದು ಕೇಳಲಿಲ್ಲ. ನನ್ನ ಬೆರಳು ನೋಡಿದ್ದರು. "ಬರೀರಿ ಸಾಹೇಬ್ರ. ಆದ್ರ ಮುಂದಿನ ಸೇತುವೆಗೆ ಗ್ವಾಡಿ ಬ್ಯಾಡ್ರಿ. ಮಂದಿ ಓಡ್ಯಾಡ್ತಾರ."

ಅದೇ ಜಾಗದಲ್ಲಿ ಬೇರೆ ಮೇಸ್ತ್ರಿಯಿಂದ ಕಟ್ಟಿಸಿದ ಹೊಸ ಸೇತುವೆಗೆ ಗೋಡೆ ಹಾಕಿಸಲಿಲ್ಲ. ಎರಡು ಮಳೆಗಾಲ ನೀರು ಅದರ ಮೇಲೆ ಹಾಯ್ದು ಹೋಯಿತು, ಒಂದು ಕಲ್ಲೂ ಕದಲಲಿಲ್ಲ. ಗೋಡೆ ಬಿಟ್ಟ ಜಾಣತನಕ್ಕೆ ದೊರೆ ನನ್ನ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಆಮೇಲೊಂದು ದಿನ ಸಂಡೂರಿನ ದಾರಿಯಲ್ಲಿ ಮೇಸ್ತ್ರಿ ಕೂಲಿಗೆ ಜಲ್ಲಿ ಒಡೆಯುತ್ತ ಕೂತಿದ್ದರು. ನಾನು ಸೈಕಲ್ ತಿರುಗಿಸುವಷ್ಟರಲ್ಲಿ ಎದ್ದು, ನೆರಳಿಗೆ ಗೋಣಿ ಹಾಸಿದರು.

"ಕುಂದ್ರಿ ಸಾಹೇಬ್ರ. ಸೇತುವೆ ನಿಂತೈತ್ರಿ?"

ನಿಂತಿದೆ ಎಂದೆ. ಗೋಡೆ ಇಲ್ಲ ತಾನೆ ಎಂದು ಕೇಳಿದರು. ಇಲ್ಲ ಎಂದೆ. ತಾವೇ ಕಟ್ಟಿದಂತೆ ಅವರ ಮುಖ ಅರಳಿತು. ಅರ್ಜೆಂಟ್ ಕೆಲಸವಿದೆ ಎಂದು ಸುಳ್ಳು ಹೇಳಿ, ಗೋಣಿಯ ಮೇಲೆ ಕೂರದೆ ಸೈಕಲ್ ಹತ್ತಿದೆ.