ಉಷಾರಾಣಿಯ ಬಳೆ ಅಳತೆ

ಶನಿವಾರಸಂತೆಯಲ್ಲಿ ಸಂತೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಬಳೆ ಮಾರುವ ಸುಲೋಚನಮ್ಮ ಉಷಾರಾಣಿಯ ಎಡಗೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಬೆರಳ ಬುಡದ ಗೆಣ್ಣುಗಳನ್ನು ಒಟ್ಟಾಗಿ ಅದುಮಿದರು. ಗಾಜಿನ ಬಳೆ ಇಳಿಸುವ ಕ್ರಮವೇ ಅದು. ಉಷಾರಾಣಿ ಕೈ ಕಿತ್ತುಕೊಂಡಳು.

"ಅಯ್ಯೋ! ಮೆಲ್ಲಗೆ ಅಜ್ಜಿ."

"ಮೆಲ್ಲಗೇ ಹಿಡಿದಿದ್ದು ಕಣವ್ವ. ಹೋದ ವರ್ಷ ಎರಡು-ನಾಲ್ಕರ ಅಳತೆ ಬಳೆ ಸರಾಗ ಇಳೀತು. ಬೆಳಿಗ್ಗೆ ಎದ್ದಾಗ ಕೈ ಮಡಚಕ್ಕಾಗುತ್ತಾ?"

"ರೊಟ್ಟಿ ತಟ್ಟೋ ಹೊತ್ತಿಗೆ ಸರಿಹೋಗುತ್ತೆ."

ಎಪ್ಪತ್ತರ ಸುಲೋಚನಮ್ಮ ಬಳೆಯನ್ನು ಮಲಾರದ ಹಗ್ಗಕ್ಕೆ, ಉಳಿದ ಬಳೆಗಳ ಸಾಲಿಗೆ ಮರಳಿ ಪೋಣಿಸಿದರು.

ಆ ಮಲಾರ ಹೊತ್ತು, ಅತ್ತೆಯ ಹಿಂದೆ ಅವರು ಊರೂರು ತಿರುಗುತ್ತಿದ್ದ ಕಾಲವಿತ್ತು. ಬಳೆ ತೊಟ್ಟವರು ಮೊರದಲ್ಲಿ ಅಕ್ಕಿ ತಂದು ಸುರಿಯುತ್ತಿದ್ದರು. ಮೂವತ್ತೆಂಟು ವರ್ಷದ ಹಿಂದೆ ಉಷಾರಾಣಿಯ ತಾಯಿ ವಿಶಾಲಾಕ್ಷಮ್ಮನ ಮದುವೆಗೆ ಜಗಲಿಯಲ್ಲಿ ಕೂತು ಹಸಿರು ಬಳೆ ತೊಡಿಸಿದ್ದು ಅವರೇ. "ಬೆಣ್ಣೆಯಂಥ ಕೈ. ಒಂದೂ ಒಡೀಲಿಲ್ಲ" ಎಂದು ಈಗಲೂ ಹೇಳುತ್ತಾರೆ. ಅಂದು ಮದುಮಗಳ ತಾಯಿಯ ಊದಿದ ಗೆಣ್ಣು ದಾಟಿ ಅತಿ ದೊಡ್ಡ ಬಳೆಯೂ ಇಳಿಯಲಿಲ್ಲ. "ನಾಟಿ ಗದ್ದೆಯ ತಣ್ಣೀರು ತಿಂದ ಕೈ" ಎಂದು ಆಕೆ ನಕ್ಕು, ಮಗಳ ಬಳೆಗಳನ್ನೇ ಸವರಿದ್ದರು.

ವಿಶಾಲಾಕ್ಷಮ್ಮನಿಗೂ ನಲವತ್ತರಲ್ಲಿ ಗೆಣ್ಣು ಊದಿತು. ದೋಷವೆಲ್ಲ ನೀರಿನದು ಎಂದು ನಂಬಿದ ಮನೆಯವರು ಉಷಾರಾಣಿಯನ್ನು ಗದ್ದೆಗೆ ಇಳಿಸಲೇ ಇಲ್ಲ. ಪಾತ್ರೆ ತೊಳೆಯಲೂ ಬಿಸಿನೀರು. ಹಾಸನದ ವೈದ್ಯರು ಬೇರೆಯೇ ಹೇಳಿದ್ದರು. ಇದು ರುಮಟಾಯ್ಡ್ ಸಂಧಿವಾತ. ವಂಶವಾಹಿಗಳ ಮೂಲಕ ಬರುವುದು ಈ ಕಾಯಿಲೆಗೆ ಬೇಗ ಒಳಗಾಗುವ ಗುಣ; ಆ ಗುಣವಿದ್ದವರಲ್ಲೂ ಬಹಳ ಮಂದಿಗೆ ಕಾಯಿಲೆ ಬರುವುದೇ ಇಲ್ಲ. ಬಂದರೆ, ಬೇಗ ಔಷಧಿ ಶುರುಮಾಡಿದಷ್ಟೂ ಕೀಲು ಉಳಿಯುತ್ತದೆ. ಈ ಮಾತನ್ನು ವಿಶಾಲಾಕ್ಷಮ್ಮ ಸುಲೋಚನಮ್ಮನಿಗೆ ಹೇಳಿದ್ದರು. ಹೆದರಿಸುವುದೇಕೆಂದು ಮಗಳಿಗೆ ಹೇಳಿರಲಿಲ್ಲ.

"ಅಮ್ಮನ ಕಾಯಿಲೇನಾ? ನಾನು ಗದ್ದೆ ನೀರಿಗೆ ಕಾಲೂ ಇಟ್ಟಿಲ್ವಲ್ಲ ಅಜ್ಜಿ?"

"ನೀರಿಂದಲ್ಲ ಅಂದ್ರಂತೆ ಡಾಕ್ಟ್ರು. ನಿಮ್ಮಮ್ಮ ಆರು ವರ್ಷ ಬರೀ ಎಣ್ಣೆ ತಿಕ್ಕಿದ್ಲು. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಬೆರಳು ವಾಲಿತ್ತು."

"ನೀವೇನು ಡಾಕ್ಟ್ರಾ?"

"ಅವರೂ ಹಿಂಗೇ ಅದುಮಿ ನೋಡಿದ್ರಂತೆ. ಅವರು ಫೀಸ್ ತಗೊಂಡ್ರು. ನಾನು ಬಳೇನೂ ಮಾರ್ಲಿಲ್ಲ."

ಉಷಾರಾಣಿ ನಕ್ಕಳು. ಆಮೇಲೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಕ್ಕಪಕ್ಕ ಇಟ್ಟು ನೋಡಿದಳು. ಹೊಲಿಗೆ ಮೆಷಿನ್ನಿನ ಮುಂದೆ ದಿನವೂ ಎಂಟು ಗಂಟೆ ದುಡಿಯುವ ಕೈಗಳು. ವಯಸ್ಸು ಮೂವತ್ತೈದು.

"ಅಮ್ಮನ ಹಳೇ ಫೈಲು ಅಟ್ಟದ ಮೇಲಿರಬೇಕು" ಎಂದಳು.

"ತೆಗಿ ಮತ್ತೆ. ಧೂಳಿಗೆ ಮೂಗು ಕಟ್ಕೋ."

ಸೋಮವಾರ ಬೆಳಗಿನ ಬಸ್ಸಿನಲ್ಲಿ ತಾಯಿ, ಮಗಳು ಆ ಫೈಲು ಹಿಡಿದು ಹಾಸನಕ್ಕೆ ರಕ್ತಪರೀಕ್ಷೆಗೆ ಹೋದರು.