ತೊಗರಿ ಒಣಗುವ ಅಂಗಳದ ವಾಲಿಬಾಲ್

ಹರವಬೇಕೋ, ಬಿಡಬೇಕೋ?

ಹೋದ ಮಾರ್ಚ್ ತಿಂಗಳ ಆ ಭಾನುವಾರ ನಸುಕಿನಲ್ಲಿ ಖಲೀಲನ ತಲೆಯೊಳಗೆ ಇದೊಂದೇ ಮಾತು ಸುತ್ತುತ್ತಿತ್ತು. ಹಿಂದಿನ ದಿನ ಎಣ್ಣೆ ಸವರಿದ ತೊಗರಿ ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ ಗುಡ್ಡೆಯಾಗಿ ಬಿದ್ದಿತ್ತು. ಅದಕ್ಕೆ ಇವತ್ತು ಬಿಸಿಲು ಬೇಕೇ ಬೇಕು. ಬಿಸಿಲು ತಪ್ಪಿದರೆ ಸಿಪ್ಪೆ ಬಿಡುವುದಿಲ್ಲ. ಹರವಿದ ಮೇಲೆ ಮಳೆ ಬಿದ್ದರೆ ಬೇಳೆ ಕಪ್ಪಾಗುತ್ತದೆ. ಸೊಲ್ಲಾಪುರದ ಕಡೆಯ ಆಕಾಶ ಮಾಸಲು ಬಟ್ಟೆಯಂತಿತ್ತು. ಇನ್ನೊಂದು ಕಡೆ, ಜೇವರ್ಗಿಯಲ್ಲಿ ಅವತ್ತೇ ಹುಡುಗಿಯರ ವಾಲಿಬಾಲ್ ಫೈನಲ್. ಆಡುವವರು ಅವನೇ ತಯಾರು ಮಾಡಿದ ಹುಡುಗಿಯರು. ಅವರೊಳಗೆ ಅವನ ಮಗಳು ಫರಹೀನಳೂ ಒಬ್ಬಳು. ಫೈನಲ್‌ಗಳೆಲ್ಲ ತೊಗರಿ ಸುಗ್ಗಿಯಲ್ಲೇ ಬರುತ್ತವೆ. ಹಾಗಾಗಿ ಮಗಳು ಊರ ಹೊರಗೆ ಆಡಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

"ಮೋಡ ನೋಡ್ಕೋತ ನಿಂತ್ರ ಬಸ್ ನಿಲ್ತದೇನ್ರಿ?" ಹೆಂಡತಿ ಯಾಸ್ಮೀನ ಚಹಾದ ಕಪ್ಪು ಕೈಗಿಟ್ಟಳು.

"ಮಂದಿ ಮಾಲು ಅದ. ತೊಯ್ದ್ರ ಯಾರಿಗೆ ಮಾರಿ ತೋರಸ್ಲಿ?"

ಬೇಳೆ ಹಸನು ಮಾಡುವ ಗುರಮ್ಮ ಆಗಲೇ ತಾಡಪತ್ರಿಯ ತುದಿ ಹಿಡಿದು ಎಳೆಯುತ್ತಿದ್ದಳು. ಅವಳ ಮಗಳೂ ಅದೇ ತಂಡದಲ್ಲಿದ್ದಾಳೆ. "ಹೋಗ್ರಿ ಸಾಹೇಬ್ರ. ನೀವು ಇಲ್ಲಿ ಇದ್ರ ಮಳಿ ನಿಮಗ ಅಂಜಿ ಓಡ್ತದೇನು? ನಾವೇನು ಬಳಿ ತೊಟ್ಟು ಸುಮ್ಮ ಕುಂತೇವೇನು?"

ಮೂವರೂ ನಕ್ಕರು. ತೊಗರಿ ಹರವಿ, ಅದರೊಳಗೆ ಕಾಲೆಳೆದು ಸಾಲು ಬಿಡಿಸಿ, ಖಲೀಲ ಬಸ್ಸು ಹತ್ತಿದ. ಕಲಬುರಗಿ ಬರುವವರೆಗೂ ಕಿಟಕಿಯಿಂದ ಹಿಂದಿನ ಆಕಾಶವನ್ನೇ ನೋಡುತ್ತ ಕೂತಿದ್ದ.

ಆಳಂದದ ಅಂಚಿನಲ್ಲಿ, ಅಫಜಲಪುರ ರಸ್ತೆಯ ಬದಿಗೆ ಖಲೀಲನ ಮನೆಗೆ ಹೊಂದಿಕೊಂಡೇ ಸಣ್ಣ ದಾಲ್ ಮಿಲ್ ಇದೆ. ತಂದೆ ರಸೂಲ ಸಾಹೇಬರು ಹಾಕಿದ್ದು. ನಿಂಬರ್ಗಾ ಕಡೆಯ ರೈತರು ತೊಗರಿ ತಂದು ಬೇಳೆ ಮಾಡಿಸಿಕೊಂಡು ಹೋಗುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಚೀಲ ಓಡುತ್ತದೆ, ಉಳಿದ ದಿನಗಳಲ್ಲಿ ಎರಡು ಮೂರಾದರೆ ಹೆಚ್ಚು. ಯೌವನದಲ್ಲಿ ಖಲೀಲ ಊರೂರು ತಿರುಗಿ ಆಡಿದವನು. ಹವಳಗಾದ ಮೈದಾನದಲ್ಲಿ ಅವನ ಹೊಡೆತ ನೋಡಲು ಸಕ್ಕರೆ ಕಾರ್ಖಾನೆಯ ಕೂಲಿಯವರು ಕಬ್ಬಿನ ಗಾಡಿಗಳ ಮೇಲೆ ಹತ್ತಿ ನಿಲ್ಲುತ್ತಿದ್ದರಂತೆ. ತಂದೆಗೆ ಪಾರ್ಶ್ವವಾಯು ಬಡಿದ ವರ್ಷ ಆಟ ನಿಂತಿತು, ಮಿಲ್ಲು ಹೆಗಲಿಗೆ ಬಂತು. ಆ ದಿನಗಳ ಬಗ್ಗೆ ಕೇಳಿದರೆ ಅವನು ಮಿಲ್ಲಿನ ಪಟ್ಟೆ ಬಿಗಿ ಇದೆಯೋ ಇಲ್ಲವೋ ನೋಡಲು ಎದ್ದು ಹೋಗುತ್ತಾನೆ.

ಆಟ ಮರಳಿ ಬಂದದ್ದು ಫರಹೀನಳಿಂದ. ಅವಳಿಗೂ ವಾಲಿಬಾಲಿನ ಹುಚ್ಚು ಹತ್ತಿತ್ತು, ಆದರೆ ಆಡಲು ಜಾಗವಿರಲಿಲ್ಲ. ಶಾಲೆಯ ಮೈದಾನದಲ್ಲಿ ಹುಡುಗರ ಗುಂಪು, ಸಿಳ್ಳೆ, ಮೊಬೈಲು. ತಾಯಂದಿರು ಹೆಣ್ಣುಮಕ್ಕಳನ್ನು ಬಿಡಲೊಲ್ಲರು. ಆಟದ ಶಿಕ್ಷಕಿ ವಂದನಾ ಒಂದು ಸಂಜೆ ಮಿಲ್ಲಿಗೆ ಬಂದು ಸುತ್ತಲಿನ ಎತ್ತರದ ಗೋಡೆಯನ್ನೇ ನೋಡುತ್ತ ನಿಂತರು. "ಸರ್, ಈ ಅಂಗಳ ನಮಗ ಕೊಡ್ರಿ" ಎಂದರು. ಹಳೆಯ ಟೈರಿನೊಳಗೆ ಸಿಮೆಂಟು ತುಂಬಿ ಎರಡು ಕಂಬ ನಿಲ್ಲಿಸಿದ್ದಾಯಿತು. ಬಾಗಿಲಲ್ಲಿ ಯಾಸ್ಮೀನ ಕುರ್ಚಿ ಹಾಕಿ ಕೂತಳು. ಅವಳು ಕೂತಿದ್ದಾಳೆಂಬ ಒಂದೇ ಧೈರ್ಯಕ್ಕೆ ಬುರ್ಖಾದ ಮನೆಗಳಿಂದಲೂ ಸೆರಗಿನ ಮನೆಗಳಿಂದಲೂ ಹುಡುಗಿಯರು ಬಂದರು. "ಬ್ಯಾಳಿ ಮಾಡೋದು ಬಿಟ್ಟು ಹುಡುಗ್ಯಾರನ್ನ ಕುಣಸಾಕತ್ತಾನ" ಎಂದು ಆಡಿಕೊಂಡವರೂ ಉಂಟು. "ಅವರ ಮಕ್ಕಳು ಈಗ ಇಲ್ಲೇ ಕುಣ್ಯಾಕತ್ತಾರ್ರಿ" ಎಂದು ಖಲೀಲ ನಗುತ್ತಾನೆ.

ಸುಗ್ಗಿಯಲ್ಲಿ ಮಾತ್ರ ಅಂಗಳ ತೊಗರಿಯದು. ಸಂಜೆ ತೊಗರಿಯನ್ನೆಲ್ಲ ಒಟ್ಟಿ ಮುಚ್ಚಿದ ಮೇಲೆ, ಕತ್ತಲಾಗುವ ಮುಂಚಿನ ಸ್ವಲ್ಪ ಹೊತ್ತು ಆಟ. ಎಷ್ಟು ಗುಡಿಸಿದರೂ ಎಣ್ಣೆಯ ಕಾಳು ಅಲ್ಲಲ್ಲಿ ಉಳಿದಿರುತ್ತವೆ. ಹೆಜ್ಜೆ ಇಟ್ಟರೆ ಜಾರುತ್ತವೆ. ಹಾಗಾಗಿ ಪ್ರತಿ ಸರ್ವೀಸಿಗೂ ಮುಂಚೆ ಹುಡುಗಿಯರು ಅಂಗಾಲಿನಿಂದ ನೆಲ ಸವರಿಕೊಳ್ಳುತ್ತಾರೆ. ಅದನ್ನು ಯಾರೂ ಕಲಿಸಿದ್ದಲ್ಲ.

ಜೇವರ್ಗಿಯ ಮಣ್ಣಿನ ಮೈದಾನದಲ್ಲಿ ಈ ರೂಢಿಯೇ ಕಾಲಿಗೆ ತೊಡರಿತು. ಅಲ್ಲಿ ಒಂದು ಕಾಳೂ ಇರಲಿಲ್ಲ. ಆದರೂ ಆರೂ ಹುಡುಗಿಯರು ಸರ್ವೀಸಿಗೊಮ್ಮೆ ಸರಸರ ನೆಲ ಸವರುತ್ತಿದ್ದರು. ಎದುರಿನ ತಂಡದವರು ಮುಸಿಮುಸಿ ನಕ್ಕರು. ಹೊತ್ತು ಕಳೆಯುತ್ತಿದ್ದೀರಿ ಎಂದು ರೆಫರಿ ಒಮ್ಮೆ ಎಚ್ಚರಿಸಿದರು, ಎರಡನೆಯ ಸಲ ಪಾಯಿಂಟನ್ನೇ ಕಿತ್ತರು. ಹುಡುಗಿಯರ ಮುಖ ಬಾಡಿತು. ಮೊದಲ ಸೆಟ್ಟು ಹೋಯಿತು.

ಗೆರೆಯಾಚೆ ನಿಂತಿದ್ದ ಖಲೀಲನಿಗೆ ತಡೆಯಲಾಗಲಿಲ್ಲ. "ಏ ಬೇ, ಇಲ್ಲಿ ತೊಗರಿ ಇಲ್ಲಬೇ! ಆಳಂದದಾಗ ಬಿಟ್ಟು ಬಂದೇನಿ!" ಎಂದು ಕೂಗಿದ.

ಮೈದಾನವೆಲ್ಲ ನಕ್ಕಿತು. ಮೊದಲು ನಕ್ಕವಳು ಗುರಮ್ಮನ ಮಗಳು, ಬಳಿಕ ಫರಹೀನ. ಆ ನಗೆಯಲ್ಲಿ ಅವರ ಕಾಲು ಸಡಿಲಾದವು. ಎರಡನೆಯ ಸೆಟ್ಟನ್ನು ಅವರು ಗೆದ್ದದ್ದು ಹೇಗೆಂದು ಎದುರಿನವರಿಗೆ ತಿಳಿಯಲೇ ಇಲ್ಲ.

ನಡುವಿನ ವಿರಾಮದಲ್ಲಿ ಅವನು ಮನೆಗೆ ಫೋನು ಹಚ್ಚಿದ. ಬಹಳ ಹೊತ್ತು ರಿಂಗಾದ ಮೇಲೆ ಯಾಸ್ಮೀನ ಎತ್ತಿದಳು.

"ಮೋಡ ಹ್ಯಾಂಗ ಅದ?"

"ಎಲ್ಲಿ ಮೋಡ? ಕಣ್ಣು ಬಿಡಾಕ ಆಗವಲ್ದು, ಅಂಥ ಬಿಸಲು ಅದ."

"ಮತ್ತ ಅದೇನು ಗದ್ದಲ?"

"ಗುರಮ್ಮ ಏನೋ ಚಾಷ್ಟಿ ಮಾಡಾಕತ್ತಾಳ. ನೀವು ಆಟ ನೋಡ್ರಿ, ಇಡ್ತೇನಿ."

ಅವನು ಫೋನು ಜೇಬಿಗೆ ಹಾಕಿ ಆಟ ನೋಡಿದ. ಮಗಳು ಬಲೆಯ ಮೇಲೆದ್ದು ಕೈ ಬೀಸುವಾಗ ಒಂದು ಕ್ಷಣ ಗಾಳಿಯಲ್ಲೇ ತಂಗುತ್ತಾಳೆಂಬುದು ಅವನಿಗೆ ಗೊತ್ತಾದದ್ದು ಅವತ್ತೇ. ಮಿಲ್ಲಿನ ಅಂಗಳದಲ್ಲಿ ಅವಳು ಹಾಗೆ ಎಗರಿರಲಿಲ್ಲ, ಜಾರುವ ಭಯಕ್ಕೆ. ಮೂರನೆಯ ಸೆಟ್ಟು ಕೊನೆಯ ತನಕ ಜಗ್ಗಾಡಿ, ಎರಡೇ ಪಾಯಿಂಟಿನಲ್ಲಿ ಕೈ ತಪ್ಪಿತು.

"ಅಬ್ಬಾ, ಸೋತಿದ್ದು ನೋಡಾಕ ಇಷ್ಟು ದೂರ ಬಂದ್ರೇನು?" ಫರಹೀನ ಕಣ್ಣೊರೆಸಿಕೊಳ್ಳುತ್ತ ಅಪ್ಪನನ್ನು ಕೇಳಿದಳು.

"ಇಷ್ಟು ಚಂದ ಸೋಲ್ತೀರಿ ಅಂತ ಗೊತ್ತಿರಲಿಲ್ಲ ಬೇಟಾ."

ಸಂಜೆ ಆಳಂದದ ಬಸ್ ನಿಲ್ದಾಣದಲ್ಲಿ ಆಟೋದ ಜಗದೇವ ಎದುರಾದ. "ಮಧ್ಯಾಹ್ನ ಏನ್ ಮಳಿ ಹೊಡೀತ್ರೀಪಾ! ಹತ್ತು ಮಿನಿಟು, ಆದ್ರ ಬಕೇಟು ಸುರುವಿದಂಗ." ಖಲೀಲ ಮಗಳನ್ನು ಕರೆದು ಆಟೋ ಹತ್ತಿದ.

ಅಂಗಳದಲ್ಲಿ ತೊಗರಿ ಹರಡಿಕೊಂಡೇ ಇತ್ತು. ಕೈಯಲ್ಲಿ ಹಿಡಿದು ನೋಡಿದ, ಗರಿಗರಿ ಒಣಗಿತ್ತು. ಯಾಸ್ಮೀನ ಒಳಗಿನಿಂದಲೇ ಮಗಳನ್ನು ಕೂಗಿ ಆಟದ ಸುದ್ದಿ ಕೇಳುತ್ತಿದ್ದಳು. ಮಳೆಯ ಮಾತಿಲ್ಲ. ಗೋಡೆಯ ಮೂಲೆಯಲ್ಲಿ ನೀಟಾಗಿ ಮಡಚಿಟ್ಟಿದ್ದ ತಾಡಪತ್ರಿಯ ತುದಿ ಎತ್ತಿದರೆ ನೀರು ಅವನ ಪಾದದ ಮೇಲೆ ಸುರಿಯಿತು. ಅಷ್ಟೂ ತೊಗರಿಯನ್ನು ಒಟ್ಟಿ, ಮುಚ್ಚಿ, ನೆಲ ಒರೆಸಿ, ಬಿಸಿಲು ಬಂದ ಮೇಲೆ ಮತ್ತೆ ಹರವಿದ್ದಾರೆ. ರಾತ್ರಿ ಊಟಕ್ಕೆ ರೊಟ್ಟಿ ಹಾಕುವಾಗ ಯಾಸ್ಮೀನ ಬಲಗೈ ಬಿಟ್ಟು ಎಡಗೈ ಚಾಚಿದಳು. ಬಲಗೈಯ ಅಂಗೈ ಸುಲಿದಿತ್ತು.

ಈ ವರ್ಷವೂ ಸುಗ್ಗಿ ನಡೆದಿದೆ. ಬಿಸಿಲಿಲ್ಲದೆಯೇ ತೊಗರಿ ಒಣಗಿಸುವ ಯಂತ್ರವೊಂದನ್ನು ಕೊಳ್ಳುವ ಆಸೆ ಖಲೀಲನದು. "ಅಂಗಳ ಖಾಲಿ ಇದ್ರ ಹುಡುಗ್ಯಾರು ವರ್ಷಪೂರ್ತಿ ಆಡ್ತಾರ್ರಿ, ಮ್ಯಾಲ ಎಗರ್ತಾರ" ಎನ್ನುತ್ತಾನೆ. ಮನೆ, ಮಿಲ್ಲು, ಆಟ ಮೂರನ್ನೂ ಹೇಗೆ ಹಿಡಿದಿರಿ ಎಂದು ಕೇಳಿದರೆ ಬಾಗಿಲ ಬಳಿಯ ಕುರ್ಚಿಯ ಕಡೆ ಕೈ ತೋರಿಸುತ್ತಾನೆ.

ಆ ದಿನ ಆಳಂದದಲ್ಲಿ ಮಳೆ ಬಂದದ್ದು ತನಗೆ ಗೊತ್ತೆಂದು ಅವನು ಯಾಸ್ಮೀನಳಿಗೆ ಇವತ್ತಿನವರೆಗೂ ಹೇಳಿಲ್ಲ.