ಗುರುಪುತ್ರಪ್ಪ ನಂಬಿದ ಒಂದೇ ಸುದ್ದಿ

ಟಿವಿಯಲ್ಲಿ ಬರುವುದರೊಳಗೆ ವಾರ, ತಾರೀಖು ಎರಡೇ ಖರೇ, ಅವನ್ನೂ ಗೋಡೆಯ ಕ್ಯಾಲೆಂಡರಿಗೆ ತಾಳೆ ನೋಡಿಯೇ ನಂಬಬೇಕು ಎಂಬುದು ಅನಗೋಳದ ಗುರುಪುತ್ರಪ್ಪನ ಸಿದ್ಧಾಂತ. ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸುರಿದು ರಿಟೈರಾದ ಮನುಷ್ಯ. ಮುಂಜಾನೆ ವಿಭೂತಿ ಹಚ್ಚಿಕೊಂಡು ಬಸಲಿಂಗಪ್ಪನ ಚಹಾದಂಗಡಿಯಲ್ಲಿ ಪೇಪರ್ ಬಿಡಿಸಿ ಕೂತನೆಂದರೆ ಆ ಪೇಪರಿನ ಮಾನ ಹರಾಜಾಯಿತೆಂದೇ ಲೆಕ್ಕ. "ಇದು ಸುಳ್ಳ. ಇದು ರೊಕ್ಕ ಕೊಟ್ಟು ಹಾಕ್ಸಿದ್ದು. ಇದು ನಿನ್ನಿ ಸುಳ್ಳಿನ ಮುಂದಿನ ಭಾಗ." ಶ್ರದ್ಧಾಂಜಲಿಯ ಪುಟವನ್ನು ಮಾತ್ರ ಪೂರ್ತಿ ಓದುತ್ತಿದ್ದ, ಅದೂ ಫೋಟೊ ಇಪ್ಪತ್ತು ವರ್ಷ ಹಳೆಯದು ಎಂದು ಹೇಳಲಿಕ್ಕೆ.

ಹೊಸ ಕಾಲದ ಮೇಲೂ ಅವನಿಗೆ ಅಷ್ಟೇ ಪ್ರೀತಿ. ಮೊಮ್ಮಗ ಆಕಾಶ ಹಿಂದವಾಡಿಯ ಜಿಮ್ಮಿಗೆ ಬೈಕಿನಲ್ಲಿ ಹೋಗಿ, ಅಲ್ಲಿ ದುಡ್ಡು ಕೊಟ್ಟು ಮಷಿನ್ನಿನ ಮೇಲೆ ನಡೆಯುತ್ತಿದ್ದ. "ಗಾಡಿ ಮನ್ಯಾಗ ಬಿಟ್ಟು ಹೋದ್ರ ಪುಕ್ಕಟ ಆಗ್ತದಲ್ಲೋ ಶಾಣ್ಯಾ" ಎಂದು ಇವನು ದಿನಾ ಕೇಳುವುದು, ಅವನು ದಿನಾ ಬೈಕಿಗೆ ಕಿಕ್ ಹೊಡೆದು ಹೋಗುವುದು ನಡೆದೇ ಇತ್ತು.

ಇಂಥವನಿಗೆ ಜೀವದ ಗೆಳೆಯ ಒಬ್ಬನೇ, ಖಾನಾಪುರದ ಮರಾಠಿ ಮನೆಯ ಅವಧೂತ. ಇಬ್ಬರೂ ಒಂದೇ ಫೌಂಡ್ರಿಯ ಸದ್ದಿನಲ್ಲಿ ಕಿವಿ ಕಳೆದುಕೊಂಡವರು. ಭಟ್ಟಿಯ ಮುಂದೆ ಕೂಗದೆ ಮಾತಾಡಲು ಬರುವುದಿಲ್ಲ, ರಿಟೈರಾದ ಮೇಲೂ ಆ ಚಾಳಿ ಹೋಗಲಿಲ್ಲ. ಅವಧೂತ ಪ್ರತಿ ಶನಿವಾರ ಸಂತೆಗೆ ಬಂದಾಗ ಇಬ್ಬರೂ ಚಹಾ ಹಿಡಿದು, ಇವನು ಕನ್ನಡದಲ್ಲಿ ಅವನು ಮರಾಠಿ-ಕನ್ನಡ ಎರಡರಲ್ಲೂ, ಗಂಟಲು ಹರಿಯುವಂತೆ ಪರಸ್ಪರರ ಆರೋಗ್ಯ ವಿಚಾರಿಸುತ್ತಿದ್ದರು. ಓಣಿಯವರಿಗೆ ಗೊತ್ತಿತ್ತು. ಹೊಸಬರು ಮಾತ್ರ ಜಗಳ ಬಿಡಿಸಲು ಓಡಿ ಬರುತ್ತಿದ್ದರು.

ಆ ಶನಿವಾರ ಮಾತು ಹಲಸಿನ ಹಣ್ಣಿನ ಮೇಲೆ ಬಿತ್ತು. ಹಿಂದಿನ ವಾರ ಅವಧೂತ ತನ್ನ ಹಿತ್ತಲಿನ ಹಣ್ಣು ಹೊತ್ತು ತಂದಿದ್ದ. ಅದು ಸಪ್ಪಗಿತ್ತು ಎಂದ ಗುರುಪುತ್ರಪ್ಪ. ಅಜ್ಜ ನೆಟ್ಟ ಮರ, ಅವಧೂತನಿಗೆ ಸಿಟ್ಟು ನೆತ್ತಿಗೇರಿತು. ಕನ್ನಡ-ಮರಾಠಿ ಗಡಿಯ ಗದ್ದಲ ಹುಡುಕಿಕೊಂಡು ಊರೆಲ್ಲ ತಿರುಗಿ ಬರಿಗೈಯಲ್ಲಿ ಹೊರಟಿದ್ದ ಟಿವಿಯವರ ಗಾಡಿ ಗಕ್ಕನೆ ನಿಂತಿತು. ಎರಡು ಭಾಷೆ, ಎರಡು ಮುದುಕರು, ನಾಲ್ಕು ಕೈ ಗಾಳಿಯಲ್ಲಿ! ಕ್ಯಾಮೆರಾ ಇಳಿಯಿತು. ಅವಧೂತ ಚಹಾದ ಕಪ್ಪು ಕುಕ್ಕಿ ಎದ್ದು ಹೋದ. ಓಣಿಯ ತಿರುವಿನಲ್ಲಿ ಅವನ ಬಾಯಿಗೂ ಮೈಕು ಹಿಡಿದರು.

ಸಂಜೆ ಅನಗೋಳದ ಹಲಸಿನ ಜಗಳ "ಹೊತ್ತಿ ಉರಿದ ಗಡಿ" ಎಂದು ಬಂತು. ಗುರುಪುತ್ರಪ್ಪ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಪರದೆಯ ತುಂಬ ಅವಧೂತನ ಮುಖ. "ಇನ್ನ ಮ್ಯಾಲ ಗುರುಪುತ್ರಪ್ಪನ ಮನಿ ಹೊಸ್ತಲಾ ತುಳಿಯಾಂಗಿಲ್ಲ!"

ನಗು ನಿಂತಿತು.

ಮುಂದಿನ ಶನಿವಾರ ಅವಧೂತ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಗುರುಪುತ್ರಪ್ಪ ಪೇಪರ್ ಬೈಯುವುದನ್ನೇ ಬಿಟ್ಟ. ಬಸಲಿಂಗಪ್ಪ ಗಾಬರಿಯಾಗಿ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿದ. ಊಟಕ್ಕೆ ಕೂತವನು ರೊಟ್ಟಿ ಮುರಿದು ಹಾಗೇ ಇಟ್ಟು, "ಅವನ ಮನಸಿನ್ಯಾಗಿದ್ದದ್ದು ಬಾಯಿಗೆ ಬಂತು ಬಿಡು. ಇಷ್ಟು ವರ್ಷ ನಾನ ಹುಚ್ಚ" ಎಂದ. ಅವನಿಗೆ ಅಳು ಬಂದಿತ್ತು.

ಹೆಂಡತಿ ಅಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮದಿವ್ಯಾದಾಗಿಂದ ಟಿವಿ ಸುಳ್ಳ, ಪೇಪರ್ ಸುಳ್ಳ ಅಂತ ನನ್ನ ತಲಿ ತಿಂದ್ರಿ. ಒಂದ ಧಾರಾವಾಹಿ ನೆಟ್ಟಗ ನೋಡಾಕ ಬಿಡ್ಲಿಲ್ಲ. ಈಗ ನಿಮ್ಮ ದೋಸ್ತನ ಮ್ಯಾಲ ಬಂದದ್ದು ಒಂದ ಖರೇ ಆತೇನ್ರಿ?"

ಗುರುಪುತ್ರಪ್ಪ ಚಪ್ಪಲಿ ಮೆಟ್ಟಿ ಖಾನಾಪುರದ ಬಸ್ಸು ಹತ್ತಿದ.

ಅವಧೂತ ಅಂಗಳದಲ್ಲಿ ಕೂತಿದ್ದ. ನೋಡಿದರೂ ಏಳಲಿಲ್ಲ. ಅವನ ಹೆಂಡತಿ ಕುಂದಾ, "ಬರ್ರಿ ಭಾವೋಜಿ, ಕುಂದರ್ರಿ" ಎಂದು ಚಾಪೆ ಹಾಸಿದಳು.

"ನನ್ನ ಹೊಸ್ತಲಾ ತುಳಿಯಾಂಗಿಲ್ಲ ಅಂದೇನಲೇ?" ಇವನು ಕೂಗಿದ.

"ಅಂದೇನಿ! ಹಣ್ಣ ಚಲೋ ಇತ್ತಂತ ಒಪ್ಪೂತನಕ ತುಳಿಯಾಂಗಿಲ್ಲ ಅಂದೇನಿ! ಹಿಂದಿನ ಮಾತ ಟಿವಿಯವರು ಕತ್ತರಿಸಿ ಒಗದಾರ!" ಅವನೂ ಕೂಗಿದ.

"ಮತ್ತ ಎರಡ ಸಂತಿ ಯಾಕ ಬರ್ಲಿಲ್ಲ?"

"ಟಿವಿಯಾಗ ಹೇಳೇನಿ, ಊರೆಲ್ಲ ನೋಡೈತಿ. ಸಂತಿಗೆ ಬಂದ್ರ ಕಾಲು ನಿನ್ನ ಮನಿಗೇ ಬರ್ತಾವ. ಮಾತ ತಪ್ಪಾಕ ಬರ್ತದೇನು?"

ಗುರುಪುತ್ರಪ್ಪನಿಗೆ ನಾಚಿಕೆಯಾಯಿತು. ಗೆಳೆಯನನ್ನು ಒಂದು ಮಾತು ಕೇಳದೆ, ಟಿವಿ ಡಬ್ಬಿಯ ಮಾತು ನಂಬಿದ್ದ. ಅಷ್ಟರಲ್ಲಿ ಕುಂದಾ ಅದೇ ಮರದ ಇನ್ನೊಂದು ಹಣ್ಣು ಬಿಡಿಸಿ ತಟ್ಟೆಯಲ್ಲಿ ತಂದಿಟ್ಟಳು. ಅವಧೂತ ಅವನ ಬಾಯಿಯನ್ನೇ ನೋಡುತ್ತ ಕೂತ.

ಗುರುಪುತ್ರಪ್ಪ ಒಂದು ತೊಳೆ ಅಗಿದ. ಕಣ್ಣು ಮುಚ್ಚಿದ. ಆಮೇಲೆ ಇಡೀ ಓಣಿಗೆ ಕೇಳುವಂತೆ ಕೂಗಿದ: "ಜೇನ ಐತಲೇ, ಜೇನ! ಹ್ವಾದ ಸಲದ್ದೂ ಹಿಂಗ ಇತ್ತು!"

ಅವಧೂತನ ಮುಖ ಅರಳಿತು. ಬರುವ ಶನಿವಾರ ಯಾವ ಬಸ್ಸಿಗೆ ಬರುತ್ತೇನೆಂದು ಆಗಲೇ ಹೇಳತೊಡಗಿದ.

ಹಣ್ಣು ಸಪ್ಪಗೇ ಇತ್ತು. ಗುರುಪುತ್ರಪ್ಪ ಇನ್ನೊಂದು ತೊಳೆ ತೆಗೆದುಕೊಂಡ.